ಒಂದೇ ಮೈಕಿನ ಇಬ್ಬರು

ಕುಷ್ಟಗಿಯ ಆ ಮನೆಯಲ್ಲಿ ಹಾಸಿಗೆ ಒಟ್ಟುವ ಸಣ್ಣ ಕೋಣೆಗೆ ಈಗ ಬೇರೆಯೇ ಕೆಲಸ. ಮುಬಾಶಿರಾ ನಾಲ್ಕೂ ಗೋಡೆಗೆ ಹಳೆಯ ಕೌದಿಗಳನ್ನು ಇಳಿಬಿಟ್ಟು, ನಡುವೆ ಮೈಕು ನಿಲ್ಲಿಸಿ, ಲ್ಯಾಪ್‌ಟಾಪಿನಲ್ಲಿ ಹಾಡು ಕಟ್ಟುತ್ತಾಳೆ. ಡೋಲಕ್ ಇಲ್ಲ, ಹಾರ್ಮೋನಿಯಂ ಇಲ್ಲ. ಆದರೂ ಎಲ್ಲ ಕೇಳುತ್ತವೆ. ಅವಳ ತಾಯಿ ಮೆಹಜಬೀನ ಒಳಗೆ ಕಾಲಿಟ್ಟರೆ ಸಾಕು, ಬಸ್ಸಿನ ಹಾರ್ನು, ಕೋಳಿಯ ಕೂಗು, ನೆರೆಮನೆಯ ಮಾತು ದೂರ ಸರಿದು ನೀರಿನಡಿ ಕೂತ ಹಾಗೆ ಅನ್ನಿಸುತ್ತಿತ್ತು.

ಇವತ್ತು ಹಾಡಬೇಕಾದವಳು ಅವಳೇ. ಮಗಳ ಹೊಸ ಹಾಡಿನ ನಡುವೆ ಹಳೆಯದೊಂದು ಸಾಲು ಬೇಕಿತ್ತು. ಹದಿನೇಳರ ವಯಸ್ಸಿನಲ್ಲಿ ಮೆಹಜಬೀನ ಗಂಗಾವತಿಯಲ್ಲಿ ಕ್ಯಾಸೆಟ್ಟಿಗೆ ಹಾಡಿದ್ದ ಸಾಲು. ಆಮೇಲೆ ನಿಕಾಹ್ ಆಯಿತು, ಮಕ್ಕಳಾದವು. ಮೂವತ್ತು ವರ್ಷ ರೊಟ್ಟಿ ಬಡಿಯುತ್ತ ಗುನುಗಿದ್ದೇ ಹೊರತು ಮೈಕಿನ ಮುಂದೆ ನಿಂತಿರಲಿಲ್ಲ. ಸಂಜೆಯೊಳಗೆ ಹಾಡನ್ನು ಹುಬ್ಬಳ್ಳಿಗೆ ಕಳಿಸಬೇಕು ಎಂದಿದ್ದಳು ಮಗಳು. ತಾಯಿಗೆ ಸಂಜೆಯ ಚಿಂತೆಗಿಂತ ಇನ್ನೊಂದು ಚಿಂತೆ: ಆ ದನಿ ಇನ್ನೂ ತನ್ನೊಳಗೆ ಉಳಿದಿದೆಯೋ ಇಲ್ಲವೋ.

‘ಹೊಳಿದಂಡಿ ಗಾಳೀ...’ ಎಂದು ಎತ್ತಿಕೊಂಡಳು. ದನಿ ಚೆನ್ನಾಗಿಯೇ ಬಂತು. ಆದರೆ ‘ಗಾಳೀ’ ಎಂದು ಎಳೆಯುವಾಗ ನಡುವೆಯೇ ನಿಂತುಬಿಟ್ಟಿತು. ನಾಲ್ಕು ಸಲ ಹಾಡಿದಳು. ನಾಲ್ಕು ಸಲವೂ ಅಲ್ಲಿಯೇ ನಿಂತಿತು. ಕಿವಿಗೆ ಹಾಕಿದ್ದ ಹೆಡ್‌ಫೋನು ತೆಗೆದು ಮೆಲ್ಲಗೆ ಕೆಳಗಿಟ್ಟಳು.

“ದನಿ ಹೋಗೇತಿ ಬೇಟಾ. ಬ್ಯಾರೆ ಯಾರನ್ನರ ಕೇಳು.”

ದನಿ ಹೋಗಿಲ್ಲ, ಉಸಿರು ಸ್ವಲ್ಪ ಕಡಿಮೆ ಅಷ್ಟೇ, ತಾನು ಜೋಡಿಸುತ್ತೇನೆ ಎಂದಳು ಮಗಳು. ಬೆರಳಾಡಿಸಿ ಅಲ್ಲೊಂದು ತುಂಡು ಕತ್ತರಿಸಿ, ಇಲ್ಲೊಂದು ತುಂಡು ಹಚ್ಚಿ ಕೇಳಿಸಿದಳು. ಈಗ ದನಿ ಎಲ್ಲೂ ನಿಲ್ಲದೆ ಎಣ್ಣೆಯ ಹಾಗೆ ಹರಿಯಿತು. ಮೆಹಜಬೀನ ಪೂರ್ತಿ ಕೇಳಿದಳು.

“ದನಿ ನಂದ ಐತಿ. ಆದ್ರ ಇಕಿ ಉಸಿರ ಆಡವಲ್ಲಳಲ್ಲ?”

ಮಗಳು ನಕ್ಕಳು. ತಾಯಿ ನಗಲಿಲ್ಲ. ಪಡಸಾಲೆಗೆ ಹೋಗಿ ಮೊರ ತೆಗೆದುಕೊಂಡು ಜೋಳ ಹಸನು ಮಾಡುತ್ತ ಕೂತಳು. ಕೈ ಕಾಳಿನಲ್ಲಿತ್ತು, ಗಂಟಲು ಮಾತ್ರ ತಾನಾಗಿಯೇ ಆ ಸಾಲನ್ನು ಗುನುಗುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಮುಬಾಶಿರಾ ಕೇಳಿದಳು, “ಅಮ್ಮಿ, ‘ಗಾಳಿ’ ಅನ್ನುವಾಗ ಕಿರುಬೆರಳ ಯಾಕ ಮಡಚ್ತಿ? ಒಳಗೂ ಹಂಗ ಮಾಡ್ದಿ.”

ಮೆಹಜಬೀನ ತನ್ನ ಕೈ ನೋಡಿಕೊಂಡಳು. ಬೆರಳು ಇನ್ನೂ ಮಡಚಿಯೇ ಇತ್ತು.

ಮೊರದ ಕಾಳೆಲ್ಲ ಮಸುಕಾಗಿ ಗಂಗಾವತಿಯ ಆ ಕೋಣೆ ಎದುರು ಬಂತು. ಗೋಡೆಗೆ ಭತ್ತದ ಚೀಲಗಳು, ಸದ್ದಾಗಬಾರದೆಂದು ನಿಲ್ಲಿಸಿಟ್ಟ ಫ್ಯಾನು, ಎಂಟು ಮಂದಿಯ ಬೆವರು, ಒಂದೇ ಮೈಕು. ಹಾಡಿಸುತ್ತಿದ್ದವರು ಫಕ್ರುದ್ದೀನ ಮಾಮು. ಅವರು ನೆಲದ ಮೇಲೆ ಸುಣ್ಣದಿಂದ ಗೆರೆ ಎಳೆದು ಒಬ್ಬೊಬ್ಬರನ್ನೂ ನಿಲ್ಲಿಸುತ್ತಿದ್ದರು: ಗಟ್ಟಿ ದನಿಯವರು ಬಾಗಿಲ ಕಡೆಗೆ, ಸಣ್ಣ ದನಿಯವರು ಮೈಕಿನ ಹತ್ತಿರ. ಹಿಮ್ಮೇಳಕ್ಕೆ ಮೆಹಜಬೀನ ಮತ್ತು ಬೇವೂರಿನ ಅಮರಮ್ಮ. ಇಬ್ಬರೂ ಒಟ್ಟಿಗೆ ಉಸಿರೆಳೆದರೆ ಹಾಡಿಗೆ ತೂತು ಬೀಳುತ್ತದೆ ಎಂದು ಮಾಮು ಬೈಯುತ್ತಿದ್ದರು. ಅದಕ್ಕೇ ಇಬ್ಬರೂ ಕಿರುಬೆರಳಿಗೆ ಕಿರುಬೆರಳು ಸಿಕ್ಕಿಸಿಕೊಂಡು ನಿಲ್ಲುತ್ತಿದ್ದರು. ಅಮರಕ್ಕ ಬೆರಳು ಒತ್ತಿದರೆ ಇವಳು ಉಸಿರೆಳೆಯಬೇಕು. ಅಷ್ಟು ಹೊತ್ತು ಸ್ವರ ಅವಳದು. ಇವಳು ಒತ್ತಿದರೆ ಉಸಿರೆಳೆಯುವ ಸರದಿ ಅವಳದು.

“ನಾ ಅಲ್ಲಿ ನಿಂದರೂದು ಉಸಿರಿಲ್ಲಂತಲ್ಲ ಬೇಟಾ,” ಎಂದಳು ಮೆಹಜಬೀನ ನಿಧಾನವಾಗಿ. “ಅಲ್ಲಿ ಅಮರಕ್ಕ ಇರ್ತಿದ್ಲು.”

ಹಳೆಯ ಗುರುತಿನವರಿಂದ ನಂಬರು ಪಡೆದು ಬೇವೂರಿಗೆ ಫೋನು ಮಾಡಿದರು. ಆ ಕಡೆಯಿಂದ ಮೊದಲು ಕೇಳಿದ್ದು ಕುರಿಗಳ ಸದ್ದು, ಮೆಹಜಬೀನ ತನ್ನ ಹೆಸರು ಹೇಳಿ ಹಾಡಿನ ಸಂಗತಿ ತಿಳಿಸಿದ ಮೇಲೆ ಅಮರಮ್ಮನ ದನಿ.

“ಬದುಕೀಯೇನ ಬೀಬಿ? ಆಗೂ ನೀ ಕಳ್ಳಿ, ನನ್ನ ಉಸಿರಿನ ಮ್ಯಾಲ ಹಾಡಾಕಿ. ಈಗೂ ನಾನ ಬೇಕೇನ?”

“ನೀನ ಬೇಕ ಅಕ್ಕಾ,” ಎಂದಳು ಮೆಹಜಬೀನ.

ಮುಬಾಶಿರಾ ಬರೀ ತಾಳವನ್ನು ಕಳಿಸಿದಳು. ಅಮರಮ್ಮ ಸೊಸೆಯ ಫೋನಿನಲ್ಲಿ ಅದನ್ನು ಕಿವಿಗಿಟ್ಟು ಕೇಳುತ್ತ ತನ್ನ ಫೋನಿಗೆ ಹಾಡಿ ಕಳಿಸಿದಳು. ಹಾಡಿನ ಜತೆ ಕುರಿಯ ಕೊರಳ ಗಂಟೆಯೂ ಬಂದಿತ್ತು. ಮಗಳು ಒಂದು ಬೆರಳಿನಿಂದ ಅದನ್ನು ಅಳಿಸಿಹಾಕಿದಳು. ಮೆಹಜಬೀನ ಬೆರಗಾಗಿ ನೋಡಿದಳು. ಅಂದು ಗಂಗಾವತಿಯಲ್ಲಿ, ಓಣಿಯಲ್ಲಿ ಹೋದ ಒಂದು ಎತ್ತಿನ ಚಕ್ಕಡಿಯ ಗಂಟೆ ಸೇರಿಕೊಂಡಿತೆಂದು ಎಂಟೂ ಮಂದಿ ಮೊದಲಿನಿಂದ ಹಾಡಿದ್ದರು, ಅದೂ ಐದು ಸಲ ಎಂದಳು.

“ಬ್ಯಾಸರ ಬರ್ತಿರಲಿಲ್ಲೇನ ಅಮ್ಮಿ?”

“ಬರ್ತಿತ್ತು. ಅಷ್ಟರಾಗ ಚಾ ಬರ್ತಿತ್ತು.”

ಅಮರಮ್ಮನೂ ನಡುನಡುವೆ ನಿಂತಿದ್ದಳು. ಮಗಳು ಆ ದನಿಯನ್ನು ತಾಯಿಯ ಮುಂಜಾನೆಯ ದನಿಯ ಕೆಳಗೆ ಇರಿಸಿದಳು. ಪರದೆಯ ಮೇಲೆ ಎರಡು ಗೆರೆ, ಹೊಳೆಯ ಎರಡು ದಂಡೆಗಳ ಹಾಗೆ. ಒಂದು ಬರಿದಾದಲ್ಲಿ ಇನ್ನೊಂದು ಉಬ್ಬಿತ್ತು. ಇಷ್ಟು ವರ್ಷ, ಇಷ್ಟು ದಾರಿ ನಡುವೆ ಇದ್ದರೂ ಇಬ್ಬರೂ ಒಬ್ಬರಿಗೊಬ್ಬರು ಜಾಗ ಬಿಟ್ಟೇ ಹಾಡಿದ್ದರು. ದನಿಗಳಿಗೆ ವಯಸ್ಸಾಗಿತ್ತು, ಆದರೆ ಎರಡಕ್ಕೂ ಒಂದೇ ಅಳತೆಯಲ್ಲಿ ಆಗಿತ್ತು.

ಮುಬಾಶಿರಾ ಯಾವ ತುಂಡನ್ನೂ ಕತ್ತರಿಸಲಿಲ್ಲ, ಯಾವುದನ್ನೂ ಹಚ್ಚಲಿಲ್ಲ. ಇನ್ನೊಂದೇ ಸಲ ಹಾಡುತ್ತೀಯಾ, ಈ ಸಲ ಅಮರವ್ವ ಕಿವಿಯಲ್ಲಿ ಇರುತ್ತಾಳೆ ಎಂದಳು.

ಮೆಹಜಬೀನ ಸೆರಗಿಗೆ ಅಂಟಿದ ಜೋಳದ ಹೊಟ್ಟು ಕೊಡವಿ ಕೌದಿಗಳ ನಡುವೆ ಹೋಗಿ ನಿಂತಳು. ಕಿವಿಯೊಳಗೆ ತಾಳ ಶುರುವಾಯಿತು. ಇಬ್ಬರೂ ಎತ್ತಿಕೊಂಡರು. ‘ಗಾಳೀ’ ಬಂದಾಗ ಕಿರುಬೆರಳು ತಾನಾಗಿ ಮಡಚಿತು. ಅವಳು ಹೆದರಲಿಲ್ಲ. ಸ್ವರವನ್ನು ಅಮರಕ್ಕನ ಕೈಗೆ ಬಿಟ್ಟು, ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದುಕೊಂಡಳು. ಗಾಳಿ ನಿಲ್ಲದೆ ಬೀಸುತ್ತಲೇ ಇತ್ತು. ಆಮೇಲೆ ತನ್ನ ಸರದಿ ಬಂದಾಗ ಗಾಳಿಯಲ್ಲೇ ಬೆರಳು ಒತ್ತಿ, ಅಮರಕ್ಕ ಉಸಿರೆಳೆಯಲಿ ಎಂದು ಸ್ವರವನ್ನು ತಾನು ಹಿಡಿದು ನಿಂತಳು.