ಗುರುವಾರ ಅಥಣಿಗೆ

ತುಕಾರಾಮ ಬಾಗಿಲಿಗೆ ಬಂದು ನಿಂತಾಗ ರಾವಸಾಹೇಬ ಹೆಂಡತಿಯ ಎರಡೂ ಕಾಲಿನ ಹೆಬ್ಬೆರಳು ಕೂಡಿಸಿ ದಾರ ಕಟ್ಟುತ್ತಿದ್ದ. ದಾರ ಎರಡು ಸಲ ಜಾರಿತು. ಮೂವತ್ತು ವರ್ಷ ದ್ರಾಕ್ಷಿ ಬಳ್ಳಿಯನ್ನು ತಂತಿಗೆ ಕಟ್ಟಿ, ಕಣ್ಣು ಮುಚ್ಚಿಯೂ ಗಂಟು ಹಾಕಬಲ್ಲ ಬೆರಳುಗಳು ಇಂದು ಮಾತು ಕೇಳುತ್ತಿರಲಿಲ್ಲ.

"ಸಾವ್ಕಾರ್ರ, ಶೆಡ್ಡಿಂದು ಒಂದ ಮಾತ ಕೇಳೂದಿತ್ರಿ," ಎಂದ ತುಕಾರಾಮ. ಶೆಡ್ಡಿನ ಆಳುಗಳಿಗೆಲ್ಲ ಅವನೇ ಮುಖ್ಯಸ್ಥ.

"ಇವತ್ತ ಶೆಡ್ಡಿನ ಸುದ್ದಿ ನನ್ನ ಮುಂದ ತಗೀಬ್ಯಾಡ. ಎಲ್ಲಾ ಆಳಿಗೂ ಸೂಟಿ ಕೊಡು. ಎಲ್ಲಾರೂ ಮಣ್ಣಿಗೆ ಬರ್ಲಿ."

"ಹಂಗಲ್ರಿ, ಆ ತಾಡಪತ್ರಿ..."

"ಇವತ್ತಿನ ದಿನಾ ಅಕೀದು ತುಕಾರಾಮ. ತಿಳೀತಿಲ್ಲೋ?"

ತುಕಾರಾಮ ಹಿಂದೆ ಸರಿದ. ಅವನು ಕೇಳಬೇಕೆಂದಿದ್ದುದು ಇಷ್ಟೇ: ಶೆಡ್ಡಿನ ಸುತ್ತ ಮೇಲಕ್ಕೆ ಸುತ್ತಿ ಕಟ್ಟಿದ ಹಸಿರು ತಾಡಪತ್ರಿಯ ಪರದೆಗಳನ್ನು ಇಳಿಸಿ ಬರಲೋ, ಹಾಗೇ ಬಿಡಲೋ. ಏಪ್ರಿಲ್ ಮುಗಿಯುತ್ತ ಬಂದಿತ್ತು. ಒಳಗೆ ಹತ್ತು ಅಂತಸ್ತಿನ ಬಲೆಗಳ ಮೇಲೆ ಆ ವರ್ಷದ ಇಡೀ ದ್ರಾಕ್ಷಿ ಒಣಗುತ್ತಿತ್ತು. ಇನ್ನು ಮೂರು ದಿನ ಬಿಸಿಲೂ ಗಾಳಿಯೂ ಸಿಕ್ಕರೆ ಹಳದಿ ಬಣ್ಣದ ಮಣೂಕ, ಒಣದ್ರಾಕ್ಷಿ. ಒಮ್ಮೆ ಮಳೆ ನೀರು ತಾಗಿತೋ, ಎಲ್ಲ ಕಪ್ಪಾಗಿ ಹುಳಿತು ದನವೂ ಮೂಸದಂತಾಗುತ್ತದೆ. ಆದರೆ ಬುಧವಾರದ ಆ ಬೆಳಗಿನಲ್ಲಿ ಆಕಾಶ ತೊಳೆದಿಟ್ಟ ಪರಾತದ ಹಾಗಿತ್ತು. ಹೇಳುವವರಿಲ್ಲದ್ದರಿಂದ ತಾಡಪತ್ರಿಗಳು ಹಾಗೇ ಉಳಿದವು.

ಸಕ್ಕುಬಾಯಿ ತೀರಿಕೊಂಡದ್ದು ನಸುಕಿನಲ್ಲಿ. ಆಳುಗಳಿಗೆ ಚಹಾ ಸೋಸುತ್ತ ಕೂತವಳು, ಸೋಸಣಿಗೆ ಕೆಳಗಿಟ್ಟು ಗೋಡೆಗೆ ಒರಗಿದಳು. "ಎದಿ ಉರಿಯಾಕತ್ತೇತಿ" ಎಂದದ್ದು ಕೊನೆಯ ಮಾತು. ಗಂಗಾಜಲ, ತುಳಸಿ ಎಲೆ ಹುಡುಕಿ ತರುವಷ್ಟರಲ್ಲಿ ವಿಠ್ಠಲ ತನ್ನವಳನ್ನು ಕರೆದುಕೊಂಡಿದ್ದ.

ಮಗ ಸಂಜಯ ಮನೆಯಲ್ಲೇ ಇದ್ದ; ಮಗಳು ದಾನೇಶ್ವರಿ ನಿಪ್ಪಾಣಿಯಿಂದ ಬರಬೇಕಿತ್ತು. ಹೆಣ ಅಂಗಳದಲ್ಲಿ ಕಾದಿತ್ತು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲ. ಪಕ್ಕದ ಮನೆಯವರು ಕೊಟ್ಟ ಚಹಾ ಗಂಡಸರ ಕೈಯಿಂದ ಕೈಗೆ ಸಾಗುತ್ತಿತ್ತು.

"ಬಸ್ ಚಿಕ್ಕೋಡಿ ದಾಟೇತಂತ," ಎಂದ ಅಣ್ಣಾಸಾಬ, ರಾವಸಾಹೇಬನ ದೊಡ್ಡಪ್ಪನ ಮಗ. "ಬಿಸಲ ಏರೂದ್ರಾಗ ಎತ್ತಿದ್ರ ಛಲೋ ಇತ್ತು."

"ಮಗಳ ಮುಖಾ ನೋಡ್ದನ ಎತ್ತಾಕ ಬರ್ತೇತೇನೋ ಅಣ್ಣಾ?" ಎಂದ ರಾವಸಾಹೇಬ. "ಎಷ್ಟ ಹೊತ್ತಾದ್ರೂ ಆಗ್ಲಿ. ನನಗ ಇವತ್ತ ಬ್ಯಾರೆ ಕೆಲಸ ಇಲ್ಲ."

ಹೆಂಗಸರ ಗುಂಪಿನಲ್ಲಿ ಚಂದ್ರಮತಿ ಮೂಗು ಒರೆಸಿಕೊಂಡಳು. ಹದಿನೈದು ವರ್ಷದಿಂದ ಶೆಡ್ಡಿನಲ್ಲಿ ಮಣೂಕ ಆರಿಸುವವಳು, ಬಾಯಿ ಜೋರು. ದನಿ ತಗ್ಗಿಸಿದ್ದರೂ ಮಾತು ಅಂಗಳವಿಡೀ ಕೇಳಿಸಿತು.

"ನೋಡವಾ, ಹಂಗಾಮದಾಗ ಸಾವ್ಕಾರ್ರು ಒಂದ ದಿನಾ ಸೂಟಿ ಕೊಟ್ಟಾರ. ಅದಕ್ಕ ಅಕ್ಕಾ ಸಾಯಬೇಕಾತು."

"ಸುಮ್ನಿರ ಬೇ," ಎಂದು ಯಾರೋ ಗದರಿದರು.

"ಏನ್ ಸುಮ್ನಿರೂದು? ನಿನ್ನಿ ನನ್ನ ಕರದ ಹೇಳಿದ್ಲು. ಗುರುವಾರ ಸಂಜಯಗ ನೀನ ಎರಡ ರೊಟ್ಟಿ ಬಡದ ಕೊಡ ಚಂದ್ರಿ, ನಾವ ಅಥಣಿ ಖಾನಾವಳ್ಯಾಗ ಉಣ್ಣಾವ್ರು, ಉಂಡ ನಾಟಕಾ ನೋಡಾವ್ರು ಅಂತ. ಸಣ್ಣ ಹುಡುಗಿಗತೆ ನಗತಿದ್ಲು."

ರಾವಸಾಹೇಬ ಕೈಯಲ್ಲಿದ್ದ ಚಹಾದ ಬಟ್ಟಲನ್ನು ಕುಡಿಯದೆ ಕಟ್ಟೆಯ ಮೇಲಿಟ್ಟ.

*

ಅವರು ಹಾಗೆ ಹೋದದ್ದು ಒಮ್ಮೆ, ಎರಡು ಸಾವಿರದ ಮೂರರ ಬೇಸಿಗೆಯಲ್ಲಿ. ಲಗ್ನವಾಗಿ ಹತ್ತೊಂಬತ್ತು ವರ್ಷವಾಗಿತ್ತು.

ಅಥಣಿಯ ಬಸ್ ನಿಲ್ದಾಣದ ಹಿಂದೆ ನಾಲ್ಕೇ ಮೇಜಿನ ಖಾನಾವಳಿ. ತಾಟಿನಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಶೇಂಗಾ ಚಟ್ನಿ. ಮನೆಯಲ್ಲಿ ದಿನಾ ತಾನೇ ಮಾಡುವ ಅಡಿಗೆಯೇ. ಆದರೂ ಸಕ್ಕುಬಾಯಿ ತಾಟು ಎದುರಿಗಿಟ್ಟುಕೊಂಡು ಸ್ವಲ್ಪ ಹೊತ್ತು ನೋಡುತ್ತ ಕೂತಳು.

"ಅಕ್ಕಾರ, ಇನ್ನೊಂದ ರೊಟ್ಟಿ ಹಾಕ್ಲ್ಯಾ?" ಎಂದ ಬಡಿಸುವವನು.

ಅವಳು ಹಿಂದೆ ತಿರುಗಿ ನೋಡಿದಳು, ಬೇರೆ ಯಾರಿಗೋ ಕೇಳಿದನೆಂದು. ಆಮೇಲೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕು, ಐದು ರೊಟ್ಟಿ ತಿಂದಳು.

"ಇಷ್ಟ ರುಚಿ ಹತ್ತೇತಿ?" ಎಂದು ರಾವಸಾಹೇಬ ಛೇಡಿಸಿದ್ದ.

"ರುಚಿ ಅಲ್ರಿ. ಇಷ್ಟ ವರ್ಷದಾಗ ನನಗ ಯಾರರ ಕೇಳ್ಯಾರ, ಇನ್ನೊಂದ ಹಾಕ್ಲೇನಂತ? ಎಲ್ಲಾರಿಗೂ ಕೇಳೂದು ನಾನ. ಕೇಳಿಸ್ಕೊಳ್ಳಾಕ ಎಷ್ಟ ಛಲೋ ಅನಸ್ತೇತಿ."

ಊಟ ಮುಗಿಸಿ ಆರೂವರೆಯ ಆಟಕ್ಕೆ ಕಂಪನಿ ನಾಟಕದ ಡೇರೆಯಲ್ಲಿ ಕೂತರು. ಮುದುಕ ಸಾವ್ಕಾರನ ಹಾಸ್ಯಕ್ಕೆ ಅವಳು ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿರುವಾಗ ತುಕಾರಾಮ ಮೋಟಾರಸೈಕಲ್ ಹೊಡೆದುಕೊಂಡು ಬಂದ. ನಾಳೆ ಬರಬೇಕಿದ್ದ ದ್ರಾಕ್ಷಿಯ ಟ್ರ್ಯಾಕ್ಟರ್ ಇಂದೇ ಬಂದಿತ್ತು. ತಡಮಾಡಿದರೆ ಗೊಂಚಲು ಬಾಡುತ್ತವೆ. ಇಬ್ಬರೂ ಎದ್ದರು. ಆ ನಾಟಕದಲ್ಲಿ ಮನೆ ಬಿಟ್ಟುಹೋದ ಸೊಸೆ ತಿರುಗಿ ಬಂದಳೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಎಷ್ಟೋ ವರ್ಷ, ಅಥಣಿ ಕಡೆಯವರು ಯಾರು ಸಿಕ್ಕರೂ ಕೇಳುತ್ತಿದ್ದಳು.

ನಾಟಕದ ಕಂಪನಿಗಳು ಊರಿಗೆ ಬರುವುದೂ ಬೇಸಿಗೆಯಲ್ಲಿ, ದ್ರಾಕ್ಷಿ ಒಣಗುವುದೂ ಬೇಸಿಗೆಯಲ್ಲಿ. ದೇವರು ಎರಡನ್ನೂ ಒಂದೇ ತಿಂಗಳಲ್ಲಿ ಯಾಕಿಟ್ಟನೋ ಅವನಿಗೇ ಗೊತ್ತು. ಪ್ರತಿ ವರ್ಷ ಅವಳು ಕೇಳಿದಳು, ಪ್ರತಿ ವರ್ಷ ರಾವಸಾಹೇಬ ಹೂಂ ಎಂದ. ಸುಳ್ಳು ಹೇಳುತ್ತಿರಲಿಲ್ಲ. ಹೂಂ ಎನ್ನುವಾಗ ಅವನಿಗೂ ಹೋಗುವ ಮನಸ್ಸೇ ಇರುತ್ತಿತ್ತು.

*

ದಾನೇಶ್ವರಿ ಬಂದಾಗ ಹೊತ್ತು ಎರಡು ಗಂಟೆ ದಾಟಿತ್ತು. ತಾಯಿಯ ಕೆನ್ನೆಗೆ ಕೆನ್ನೆ ಹಚ್ಚಿ ಅತ್ತಳು. ಅಳು ಒಂದಿಷ್ಟು ತಗ್ಗಿದ ಮೇಲೆ ಕಂಬಕ್ಕೆ ಒರಗಿದ್ದ ತಂದೆಯ ಹತ್ತಿರ ಬಂದು ಕೂತಳು.

"ಐತವಾರ ಅವ್ವ ಫೋನ್ ಮಾಡಿದ್ಲು ಅಪ್ಪಾ. ಹಸರ ಸೀರಿ ಉಟ್ಟ ಕುಂತೀನಿ, ನಿಮ್ಮಪ್ಪ ಶೆಡ್ಡಿಂದ ಬರೂದೊಂದ ಬಾಕಿ ಅಂದ್ಲು. ಹೋಗಿದ್ರಿ?"

ರಾವಸಾಹೇಬ ನೆಲ ನೋಡಿದ. ಭಾನುವಾರ ಸಾಂಗ್ಲಿಯ ವ್ಯಾಪಾರಿ ಮಾಲು ನೋಡಲು ಬಂದು ಕತ್ತಲಾಗುವವರೆಗೂ ಕೂತಿದ್ದ. ಮನೆಗೆ ಬಂದಾಗ ಅವಳು ಅದೇ ಹಸಿರು ಸೀರೆಯಲ್ಲಿ ಹಿಟ್ಟು ನಾದುತ್ತಿದ್ದಳು. "ಗುರುವಾರ ಖರೇ, ದತ್ತನ ಆಣಿ" ಎಂದಿದ್ದ ಅವನು. "ದೇವರ‍್ನ ಯಾಕ ನಡುವ ಎಳೀತೀರಿ, ಅವಗೂ ಹಂಗಾಮದಾಗ ಕೆಲಸ ಇರ್ತಾವ" ಎಂದು ಅವಳು ನಕ್ಕಿದ್ದಳು.

"ಗುರುವಾರ ಅಂತ ಮಾಡಿದ್ವಿ," ಎಂದ ಮಗಳಿಗೆ.

"ಅಂದ್ರ ನಾಳೆ."

"ಹೂಂ."

ದಾನೇಶ್ವರಿ ತಂದೆಯ ಒರಟು ಅಂಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು.

"ಆದದ್ದ ಆತು. ಇವತ್ತರ ಕಡೀತನಕ ಅವ್ವನ ಕೂಡ ಇರು."

"ಇರ್ತೀನವಾ," ಎಂದ. "ನಸುಕಿನಾಗ ಅಕೀಗೂ ಹೇಳೀನಿ. ಇವತ್ತ ಎಲ್ಲಿಗೂ ಹೋಗೂದಿಲ್ಲ."

*

ಚಟ್ಟ ಎತ್ತಿದಾಗ ಗಾಳಿ ಸತ್ತಿತ್ತು. ಮುಂದೆ ಮಗ ಸಂಜಯ ಬೆಂಕಿಯ ಮಡಿಕೆ ಹಿಡಿದು ನಡೆದ. ಭಜನೆಯವರು ತಾಳ ಬಾರಿಸುತ್ತ "ರಾಮಕೃಷ್ಣ ಹರಿ" ಎನ್ನುತ್ತಿದ್ದರು. ಚಟ್ಟದ ಪಕ್ಕದಲ್ಲಿ ಅಂಚು ಹಿಡಿದು ರಾವಸಾಹೇಬ. ಹೆಗಲು ಬದಲಿಸಲು ಬಂದವರಿಗೂ ಅವನು ಕೈ ಬಿಡಲಿಲ್ಲ.

ನದಿಯ ಕಡೆ, ಜುಗೂಳದ ಮೇಲಿನ ಆಕಾಶದಲ್ಲಿ ಎಮ್ಮೆಯ ಬೆನ್ನಿನಂಥ ಒಂದು ಮೋಡ ಕಂಡಿತು. ಅಣ್ಣಾಸಾಬ ನೋಡಿದ. ತುಕಾರಾಮ ನೋಡಿದ. ಹಿಂದೆ ಬರುತ್ತಿದ್ದ ಹೆಂಗಸರೂ ನೋಡಿದರು, ಆಳುಗಳೂ ನೋಡಿದರು. ತಾಳ ಮುಂದುವರಿಯಿತು. ರಾವಸಾಹೇಬ ಮಾತ್ರ ಹೆಂಡತಿಯ ಹಣೆಯ ಮೇಲಿನ ಕುಂಕುಮವನ್ನೇ ನೋಡುತ್ತಿದ್ದ. ಆದರೆ ಮೂಗಿಗೆ ಹಸಿ ಮಣ್ಣಿನ ವಾಸನೆ ಬಂದಿತ್ತು. ಮೂವತ್ತು ವರ್ಷ ಶೆಡ್ಡು ಕಾದ ಮೂಗು ಅದು.

ಅರ್ಧ ದಾರಿಯಲ್ಲಿ ಚಟ್ಟ ಇಳಿಸುವ ಕಲ್ಲುಗಳಿವೆ. ಅಲ್ಲಿ ಹೆಣವನ್ನು ಒಂದು ಗಳಿಗೆ ಇಟ್ಟು, ಹೊತ್ತವರು ಹಿಂದು ಮುಂದಾಗಿ, ಮತ್ತೆ ಎತ್ತಬೇಕು. ಹೆಂಗಸರು ಅಲ್ಲಿಂದ ಮನೆಗೆ ತಿರುಗಬೇಕು. ಆ ಕಲ್ಲುಗಳಿಂದ ಕೂಗಳತೆಯಲ್ಲಿ, ದಾರಿಯ ಬಲಕ್ಕೆ, ರಾವಸಾಹೇಬನ ಶೆಡ್ಡು.

ಚಟ್ಟ ಕಲ್ಲಿನ ಮೇಲಿಟ್ಟರು. ಅಷ್ಟರಲ್ಲಿ ಗಾಳಿ ಎದ್ದಿತು. ಮೊದಲು ಚಟ್ಟದ ಮೇಲಿನ ಚೆಂಡು ಹೂ ಉರುಳಿದವು, ಆಮೇಲೆ ಭಜನೆಯವನ ಟೋಪಿ. ಶೆಡ್ಡಿನ ಒಂದು ತಾಡಪತ್ರಿ ಬಿಚ್ಚಿಕೊಂಡು ಕಬ್ಬಿಣದ ಕಂಬಕ್ಕೆ ಪಟಪಟ ಬಡಿಯತೊಡಗಿತು.

"ತುಕಾರಾಮ!"

ಕೂಗಿದ್ದು ತಾನೇ ಎಂದು ರಾವಸಾಹೇಬನಿಗೆ ತಿಳಿದದ್ದು ಕೂಗಿದ ಮೇಲೆ. "ಬಡಗಣ ಮಗ್ಗಲಾ ಮೊದಲ ಇಳಸ್ರಿ! ಬಡಗಣದು! ಮಳಿ ಅತ್ತಾಗಿಂದ ಬರ್ತೇತಿ!"

ಕಾಯುತ್ತಿದ್ದವರಂತೆ ಎಲ್ಲರೂ ಓಡಿದರು. ಆಳುಗಳು, ಚಟ್ಟ ಹೊತ್ತ ನಾಲ್ವರು, ತಾಳ ಸೊಂಟಕ್ಕೆ ಸಿಗಿಸಿದ ಭಜನೆಯವರು, ಸೀರೆ ಮೇಲಕ್ಕೆ ಕಟ್ಟಿಕೊಂಡ ಚಂದ್ರಮತಿ. ಅಣ್ಣಾಸಾಬನೂ ಏದುಸಿರು ಬಿಡುತ್ತ ಓಡಿದ. ಅವರು ಓಡಿದ್ದು ಸಾವ್ಕಾರನ ಮೇಲಿನ ಪ್ರೀತಿಗೆ; ಒಂದು ವರ್ಷದ ದುಡಿಮೆ ಏನೆಂದು ಅಲ್ಲಿ ಪ್ರತಿಯೊಬ್ಬರಿಗೂ ಗೊತ್ತಿತ್ತು. ರಾವಸಾಹೇಬನ ಕೈ ಇನ್ನೂ ಚಟ್ಟದ ಬಿದಿರಿನ ಮೇಲಿತ್ತು.

"ಸಾವ್ಕಾರ್ರ, ಮೂಲಿ ಹಗ್ಗ ಸಿಕ್ಕೊಂಡೇತ್ರಿ! ಬರವಲ್ದು!" ಶೆಡ್ಡಿನಿಂದ ಯಾರೋ ಕೂಗಿದರು.

ಆ ಹಗ್ಗದ ಗಂಟು ಅವನದೇ. ಬಿಚ್ಚುವ ಬಗೆ ಅವನಿಗೊಬ್ಬನಿಗೇ ಗೊತ್ತು. ಅವನು ಮಗಳ ಮುಖ ನೋಡಿದ. ದಾನೇಶ್ವರಿ ಗಾಳಿಗೆ ಹಾರುತ್ತಿದ್ದ ತಾಯಿಯ ಸೆರಗನ್ನು ಒತ್ತಿ ಹಿಡಿದಿದ್ದಳು.

"ಅದೊಂದ ಬಿಚ್ಚಿ ಬಂದೆ," ಎಂದ.

ಅರವತ್ತರ ಕಾಲುಗಳು ಓಡಿದವು. ಶೆಡ್ಡಿನೊಳಗೆ ಏಣಿ ಹತ್ತಿದ, ಹಲ್ಲಿನಿಂದ ಗಂಟು ಜಗ್ಗಿದ, ಬಿಚ್ಚಿದ. ಬೆಳಗ್ಗೆ ಒಂದು ಎಳೆ ದಾರಕ್ಕೆ ಸೋತಿದ್ದ ಬೆರಳುಗಳು ಈಗ ಸರಸರ ಓಡಿದವು. ಪಕ್ಕದ್ದೂ ಸಿಕ್ಕಿಕೊಂಡಿತ್ತು, ಅದನ್ನೂ ಬಿಚ್ಚಿದ. ಅದರಾಚೆಯದನ್ನೂ.

"ನೀವ ಹೋಗ್ರಿ, ಉಳದದ್ದ ನಾವ ನೋಡ್ಕೋತೀವಿ," ಎಂದ ತುಕಾರಾಮ ಕೆಳಗಿನಿಂದ. "ಚಟ್ಟದ ಮ್ಯಾಲ ಅಕ್ಕಾರು ಒಬ್ರ ಅದಾರ‍್ರಿ."

ರಾವಸಾಹೇಬ ತಲೆಯೆತ್ತಿ ದಾರಿಯ ಕಡೆ ನೋಡಿದ. ಕಲ್ಲುಗಳ ಮೇಲೆ ಚಟ್ಟ. ಅದರ ಕಾಲದೆಸೆಯಲ್ಲಿ ಸಂಜಯ, ಕೆಳಗಿಡಲೂ ಬಾರದ ಬೆಂಕಿಯ ಮಡಿಕೆಯನ್ನು ಗಾಳಿಗೆ ಬೆನ್ನು ಕೊಟ್ಟು ಕಾಯುತ್ತ ನಿಂತಿದ್ದ. ತಲೆದೆಸೆಯಲ್ಲಿ ದಾನೇಶ್ವರಿ ಮೊಣಕಾಲೂರಿ, ಸೆರಗನ್ನು ಎರಡೂ ಕೈಯಲ್ಲಿ ಚಾಚಿ, ತಾಯಿಯ ಮುಖದ ಮೇಲೆ ಹಿಡಿದಿದ್ದಳು. ಮೊದಲ ಹನಿಗಳು ದಾರಿಯ ಧೂಳಿನಲ್ಲಿ ರೂಪಾಯಿಯಗಲದ ಕಲೆ ಹಾಕುತ್ತ ಬಂದವು. ಮಗಳು ಕತ್ತು ಹೊರಳಿಸಿ ಶೆಡ್ಡಿನ ಕಡೆ ನೋಡಿದಳು.

ಹಗ್ಗ ಅವನ ಕೈಯಲ್ಲಿತ್ತು. ಗಾಳಿ ಅದನ್ನು ಜಗ್ಗುತ್ತಿತ್ತು. ಅವನು ಒಂದೊಂದೇ ಗೇಣು ಸಡಿಲಿಸಿದ. ತಾಡಪತ್ರಿ ಮೇಲಿನಿಂದ ಇಳಿಯುತ್ತ ಬಂತು. ಮೊದಲು ಆಕಾಶ ಹೋಯಿತು, ಆಮೇಲೆ ದಾರಿಯಾಚೆಯ ಕಬ್ಬು, ಆಮೇಲೆ ಮಗನ ತಲೆ, ಮಗಳ ಚಾಚಿದ ಕೈ, ಕೊನೆಗೆ ಆ ಕಲ್ಲುಗಳು. ಅವನು ಏಣಿ ಇಳಿದು ಅಂಚನ್ನು ಕಂಬಕ್ಕೆ ಒತ್ತಿ ಹಿಡಿದು ಬಿಗಿಯಾಗಿ ಗಂಟು ಹಾಕಿದ. ಒಳಗೆ ಹಸಿರು ಕತ್ತಲು, ಅರೆ ಒಣಗಿದ ದ್ರಾಕ್ಷಿಯ ಸಿಹಿ ವಾಸನೆ. ಹೊರಗೆ ಮಳೆ ಸುರಿಯಿತು.