ಏಳು ಕೆಜಿ

ಯಾವ ವಸ್ತುವನ್ನಾದರೂ ಒಮ್ಮೆ ಕೈಯಲ್ಲಿ ಹಿಡಿದರೆ ಸಾಕು, ಅದರ ತೂಕ ಎಷ್ಟೆಂದು ನಾನು ಹೇಳಬಲ್ಲೆ. ಇದು ಜಂಬವಲ್ಲ, ಇಪ್ಪತ್ತೆರಡು ವರ್ಷ ಕಬ್ಬಿಣ ಎತ್ತಿದವನಿಗೆ ಅಂಟಿಕೊಂಡ ಚಾಳಿ. ಒಮ್ಮೆ ಹೊಳೆನರಸೀಪುರದ ದಿನಸಿ ಅಂಗಡಿಯಲ್ಲಿ ಐದು ಕೆಜಿ ಸಕ್ಕರೆಯ ಚೀಲ ಹಿಡಿದು, ನೂರು ಗ್ರಾಂ ಕಮ್ಮಿ ಇದೆ ಎಂದು ಜಗಳ ತೆಗೆದು, ಮತ್ತೆ ತೂಗಿಸಿ ಗೆದ್ದು ಬಂದಿದ್ದೆ. ನನ್ನ ಹೆಂಡತಿ ಕೋಮಲಾ ಅವತ್ತಿನಿಂದ ನನ್ನನ್ನು ಆ ಅಂಗಡಿಗೆ ಕಳಿಸುವುದಿಲ್ಲ.

ಅಕ್ಕ ಪಾರ್ವತಮ್ಮನಿಗೆ ಚನ್ನರಾಯಪಟ್ಟಣದ ಆಸ್ಪತ್ರೆಯಲ್ಲಿ ಮಗಳು ಹುಟ್ಟಿದಾಗ ನನಗೆ ಇಪ್ಪತ್ತೊಂದು ವರ್ಷ. ಬಟ್ಟೆ ಸುತ್ತಿದ ಕೂಸನ್ನು ಕೈಗೆ ಕೊಟ್ಟ ಕೂಡಲೇ ಎರಡೂ ಮುಕ್ಕಾಲು ಕೆಜಿ ಎಂದೆ. ನರ್ಸ್ ನಕ್ಕು ತಕ್ಕಡಿಯ ಮೇಲಿಟ್ಟರು. ಐವತ್ತು ಗ್ರಾಂ ಹೆಚ್ಚಿತ್ತು. ಅದು ಬಟ್ಟೆಯದು ಎಂದು ವಾದ ಮಾಡಿದೆ. ಅಂದಿನಿಂದ ಧನ್ಯಾಳ ಪ್ರತಿ ಹುಟ್ಟುಹಬ್ಬಕ್ಕೂ ಹಿರೀಸಾವೆಗೆ ಹೋಗಿ, ಅಕ್ಕನ ಮನೆಯ ಅಂಗಳದಲ್ಲಿ ಅವಳನ್ನು ತಲೆಯ ಮೇಲಕ್ಕೆ ಎತ್ತಿ, ಮೂರು ಎಣಿಸಿ, ತೂಕ ಕೂಗಿ ಹೇಳಿ ಇಳಿಸುವುದು ನಮ್ಮಿಬ್ಬರ ಹಬ್ಬವಾಯಿತು. ಆಮೇಲೆ ಅವಳು ನನ್ನ ಭಾರ ಎತ್ತುವ ಸ್ಪರ್ಧೆಗಳ ಕಥೆ ಕೇಳುತ್ತಿದ್ದಳು. ತೂಕ ಹೆಚ್ಚಾದಾಗ ಅನ್ನ, ಉಪ್ಪು ಬಿಟ್ಟು, ಬಿಸಿಲಲ್ಲಿ ಎರಡು ಸ್ವೆಟರ್ ಹಾಕಿಕೊಂಡು ಓಡಿ ಕಡಿಮೆ ತೂಕದವರ ಕೆಟಗರಿಗೆ ಇಳಿಯುತ್ತಿದ್ದೆನಲ್ಲ, ಆ ಕಥೆ ಅವಳಿಗೆ ಬಹಳ ಇಷ್ಟ. ಅದನ್ನೇ ಮತ್ತೆ ಮತ್ತೆ ಹೇಳಿಸುತ್ತಿದ್ದಳು.

ಹನ್ನೆರಡು ತುಂಬಿದ ವರ್ಷ, ಮೂವತ್ನಾಲ್ಕು ಕೆಜಿ ಎಂದು ಕೂಗಿ ಇಳಿಸಿದಾಗ, ಹುಡುಗಿ ದೊಡ್ಡವಳಾದಳು, ಇನ್ನು ಈ ಆಟ ಸಾಕು ಎಂದಳು ಅಕ್ಕ. ಧನ್ಯಾ ಅತ್ತೂ ಅತ್ತೂ ಕಣ್ಣು ಊದಿಸಿಕೊಂಡಳು. ನಮ್ಮ ಕಡೆ ಮದುವೆಯ ದಿನ ಹೆಣ್ಣನ್ನು ಸೋದರಮಾವ ಎತ್ತಿಕೊಂಡು ಬಂದು ಹಸೆಮಣೆಯ ಮೇಲೆ ಇಳಿಸಬೇಕು. ಅದನ್ನು ನೆನೆಸಿಕೊಂಡು ಸಮಾಧಾನ ಮಾಡಿದೆ.

"ಅಳಬ್ಯಾಡ ಕಣವ್ವ. ನಿನ್ ಮದ್ವೆಲಿ ಇನ್ನೊಂದ್ಸಲ ಎತ್ತೀನಿ. ಅವತ್ತು ಬ್ಯಾಡ ಅನ್ನಕ್ಕೆ ನಿಮ್ಮವ್ವಂಗೂ ಆಗಕಿಲ್ಲ."

ಈಗೀಗ ಎಷ್ಟೋ ಜನ ಮಾವಂದಿರು ಹೆಣ್ಣಿನ ಕೈ ಹಿಡಿದು ನಡೆಸಿಕೊಂಡು ಬಂದು ಶಾಸ್ತ್ರ ಮುಗಿಸುತ್ತಾರೆ. ಅಂಥವರನ್ನು ಕಂಡರೆ ನಾನು ಮೀಸೆಯಡಿ ನಗುತ್ತಿದ್ದೆ.

ಈಗ ನನಗೆ ನಲವತ್ತಾರು. ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರು. ಮಕ್ಕಳಿಗೆ ಬಸ್ಕಿ ಹೊಡೆದು ತೋರಿಸುವುದಿಲ್ಲ, ಸೀಟಿ ಊದಿ ಹೇಳುತ್ತೇನೆ. ಬೆನ್ನಿನ ಕೆಳಗೆ ಎರಡು ಕಡೆ ಡಿಸ್ಕ್ ಜಾರಿದೆ. ಬಲಗೈ ಭುಜದ ಮಟ್ಟಕ್ಕಿಂತ ಮೇಲೇಳುವುದಿಲ್ಲ. ಮೆಟ್ಟಿಲು ಹತ್ತಿದರೆ ಮಂಡಿಗಳು ಹುರಿಗಡಲೆ ಅಗಿದಂತೆ ಸದ್ದು ಮಾಡುತ್ತವೆ. ಹಾಸನದ ಮೂಳೆ ಡಾಕ್ಟರು ಸ್ಕ್ಯಾನಿಂಗ್ ನೋಡಿ, ನಿಮ್ಮ ಬೆನ್ನಿಗೆ ಎಪ್ಪತ್ತು ವರ್ಷವಾಗಿದೆ ಎಂದರು. ಐದು ಕೆಜಿಗಿಂತ ಹೆಚ್ಚು ಎತ್ತಬೇಡಿ ಎಂದೂ ಹೇಳಿದರು. ಒಂದು ಕಾಲದಲ್ಲಿ ಐದು ಕೆಜಿಯ ಪ್ಲೇಟನ್ನು ನಾನು ಬಾಗಿಲು ಹೊಡೆದುಕೊಳ್ಳದಿರಲಿ ಎಂದು ಅಡ್ಡ ಇಡುತ್ತಿದ್ದೆ.

ತಪ್ಪು ಯಾರದೂ ಅಲ್ಲ, ನನ್ನದೇ. ಹಾಸನದಲ್ಲಿ ಪ್ರಾಕ್ಟೀಸ್ ಮಾಡುವಾಗ ನೋವು ಎಂದು ಬಾಯಿಬಿಟ್ಟವನನ್ನು ನಾವೆಲ್ಲ ಸೇರಿ ಗೇಲಿ ಮಾಡುತ್ತಿದ್ದೆವು. ಭುಜ ಊದಿದರೆ ಸ್ಪ್ರೇ ಹೊಡೆದುಕೊಂಡು, ಸೊಂಟಕ್ಕೆ ಬೆಲ್ಟ್ ಬಿಗಿದು ಮತ್ತೆ ಬಾರ್ ಹಿಡಿಯುವುದು. ರಾಜ್ಯ ಮಟ್ಟದಲ್ಲಿ ಒಂದು ಬೆಳ್ಳಿ ಬಂತು. ರಾಷ್ಟ್ರ ಮಟ್ಟದ ಆಯ್ಕೆಗೆ ನೂರಿಪ್ಪತ್ತು ಕೆಜಿ ಎತ್ತಿದ ದಿನ ಬೆನ್ನಲ್ಲಿ ಏನೋ ಲಟಕ್ಕೆಂದಿತು. ಅದನ್ನೂ ಯಾರಿಗೂ ಹೇಳದೆ ಆಮೇಲೆ ಆರು ವರ್ಷ ಎತ್ತಿದೆ.

ಆದರೂ ನಿಜ ಹೇಳುತ್ತೇನೆ, ನನ್ನನ್ನು ನೋವಿಗಿಂತ ಹೆಚ್ಚು ಕಾಡುವುದು ಆ ಎರಡು ಸೆಕೆಂಡು. ತೂಕ ತಲೆಯ ಮೇಲಿದೆ, ಮೊಣಕೈ ನೆಟ್ಟಗಿದೆ, ರೆಫರಿ ಇನ್ನೂ ಇಳಿಸು ಎಂದಿಲ್ಲ. ಆಗ ಮೈಯಲ್ಲಿ ಒಂದು ಕೂದಲೂ ಅಲುಗುವುದಿಲ್ಲ. ಅಷ್ಟು ನೆಮ್ಮದಿ ನನಗೆ ಇನ್ನೆಲ್ಲೂ ಸಿಕ್ಕಿಲ್ಲ, ಮದುವೆಯಲ್ಲೂ ಇಲ್ಲ, ಕೆಲಸದಲ್ಲೂ ಇಲ್ಲ. ಈಗಲೂ ಬೆಳಗ್ಗೆ ಎಚ್ಚರವಾದ ಗಳಿಗೆಯಲ್ಲಿ ಮೈಗೆ ಏನೂ ನೆನಪಿರುವುದಿಲ್ಲ, ಎದ್ದು ಹೋಗಿ ಎತ್ತಿಬಿಡಬಹುದು ಅನ್ನಿಸುತ್ತದೆ. ಮಗ್ಗುಲು ಬದಲಿಸಿದಾಗ ನೆನಪಾಗುತ್ತದೆ.

ಇದೆಲ್ಲ ಅಕ್ಕನ ಮನೆಯವರಿಗೆ ಗೊತ್ತಿರಲಿಲ್ಲ. ಹಿರೀಸಾವೆಗೆ ಹೋದರೆ ತುಂಬುತೋಳಿನ ಅಂಗಿ ಹಾಕಿ, ಅದರೊಳಗೆ ಬೆಲ್ಟ್ ಕಟ್ಟಿಕೊಂಡು, ಗೋಡೆಗೆ ಒರಗಿ ಗತ್ತಿನಲ್ಲಿ ಕೂರುತ್ತಿದ್ದೆ.

ಈ ವರ್ಷ ಧನ್ಯಾಳಿಗೆ ಬೂವನಹಳ್ಳಿಯ ಗಂಡು ಗೊತ್ತಾಯಿತು. ಮದುವೆಗೆ ಇನ್ನೂ ಎರಡು ತಿಂಗಳಿರುವಾಗ ಅವಳು ನಮ್ಮ ಮನೆಗೆ ಬಂದಳು. ನನ್ನ ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದವಳು ಏಳಲೇ ಇಲ್ಲ. ನೋಡಿದರೆ ನನ್ನ ಕಾಲಿನ ಉಗುರುಗಳನ್ನು ನೋಡುತ್ತಿದ್ದಾಳೆ. ಅವು ಬೆಳೆದು, ಒಡೆದು, ಕೊಕ್ಕೆಯಾಗಿದ್ದವು. ಬಗ್ಗಿದರೆ ನನ್ನ ಕೈ ಮಂಡಿಯಿಂದ ಕೆಳಕ್ಕೆ ಹೋಗುತ್ತಿರಲಿಲ್ಲ. ಕೋಮಲಾ ಕತ್ತರಿಸುತ್ತೇನೆ ಎಂದು ಬಂದರೆ ನಾನೇ ಗದರಿ ಕಳಿಸುತ್ತಿದ್ದೆ. ಅಷ್ಟಾದರೂ ಮರ್ಯಾದೆ ಉಳಿಯಲಿ ಎಂದು.

ಧನ್ಯಾ ಅತ್ತೆಯ ಹತ್ತಿರ ನೇಲ್ ಕಟರ್ ಇಸಿದುಕೊಂಡು, ನೆಲದ ಮೇಲೆ ಕೂತು, ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಹತ್ತೂ ಉಗುರು ಕತ್ತರಿಸಿದಳು. ನಾನು ಕಿಟಕಿಯ ಕಡೆ ನೋಡುತ್ತಿದ್ದೆ. ಮುಗಿದ ಮೇಲೆ ಮೆಲ್ಲಗೆ ಹೇಳಿದಳು.

"ಮಾವ, ನನ್ನ ಎತ್ಕಳದೇನೂ ಬ್ಯಾಡ. ಕೈ ಇಡ್ಕಂಡು ಕರ್ಕಂಡ್ ಬಾ ಸಾಕು. ಈಗ ಎಲ್ರೂ ಅಂಗೇ ಮಾಡದು."

ನನಗೆ ಮೈಯೆಲ್ಲ ಉರಿದುಹೋಯಿತು. ನಾನು ನಕ್ಕ ಮಾವಂದಿರ ಸಾಲಿಗೆ ನನ್ನನ್ನೇ ಸೇರಿಸುತ್ತಿದ್ದಾಳೆ.

"ನಿಮ್ಮಾವನ ಕೈಲಿ ಆಗಕಿಲ್ಲ ಅಂತ ಯಾರಂದೋರು? ಎಷ್ಟಿದ್ದೀಯ ಈಗ?"

ಐವತ್ತೆಂಟು ಎಂದಳು. ಸೀರೆ, ಒಡವೆ, ಹಾರ ಸೇರಿ ಅರವತ್ತೊಂದಾಗುತ್ತದೆ, ಹೆಚ್ಚುಕಮ್ಮಿ ಅದರ ಎರಡರಷ್ಟು ಎತ್ತಿದವನು ನಾನು ಎಂದು ಜೋರು ಮಾಡಿದೆ. ಅವಳು ಉಗುರಿನ ಚೂರುಗಳನ್ನು ಕಾಗದದಲ್ಲಿ ಸುತ್ತಿ ಆಚೆ ಹಾಕಿ ಬಂದು, ಕಾಫಿ ಕುಡಿದು, ಸಂಜೆಯ ಬಸ್ಸಿಗೆ ಹೊರಟುಹೋದಳು.

ಮುಂದಿನ ಭಾನುವಾರದಿಂದ ನಾನು ಅರಕಲಗೂಡಿಗೆ ಹೋಗತೊಡಗಿದೆ. ಅಲ್ಲಿ ಸುನೀಲ್‌ಕುಮಾರ್ ಇದ್ದಾನೆ, ಹಾಸನದ ದಿನಗಳ ಜೊತೆಗಾರ. ಬಸ್‌ಸ್ಟ್ಯಾಂಡ್ ಹತ್ತಿರ ಮಹಡಿಯ ಮೇಲೆ ಜಿಮ್ ನಡೆಸುತ್ತಾನೆ. ಅವನ ಎಡ ಮೊಣಕೈ ಪೂರ್ತಿ ಚಾಚುವುದಿಲ್ಲ, ಆದ್ದರಿಂದ ನನ್ನನ್ನು ಆಡಿಕೊಳ್ಳುವ ಹಕ್ಕು ಅವನಿಗಿಲ್ಲ. ವಿಷಯ ಕೇಳಿ ಹುಚ್ಚ ಎಂದು ಬೈದ. ಬೈದವನೇ ಒಂದು ಗೋಣಿಚೀಲ ತಂದು, ಮರಳು ತುಂಬಿ, ತೂಗಿ ಬಾಯಿ ಕಟ್ಟಿದ.

"ನೆಲದಿಂದ ಎತ್ತಬ್ಯಾಡ ಕಣ್ಲಾ. ಮದ್ವೆ ದಿನ ಹೆಣ್ಣನ್ನ ಟೇಬಲ್ ಮ್ಯಾಲೆ ಕೂರ್ಸು. ಸೊಂಟದ ಮಟ್ಟಕ್ಕೆ ಸಿಕ್ಕುದ್ರೆ ಬೆನ್ನು ಬಗ್ಸಂಗಿಲ್ಲ."

ಛತ್ರದಲ್ಲಿ ಹೆಣ್ಣಿನ ಕೋಣೆಯಿಂದ ಹಸೆಮಣೆಗೆ ಹದಿನೆಂಟು ಹೆಜ್ಜೆ. ನಾನು ಮೊದಲೇ ಚನ್ನರಾಯಪಟ್ಟಣಕ್ಕೆ ಹೋಗಿ ಅಳೆದು ಬಂದಿದ್ದೆ. ಜಿಮ್ಮಿನ ನೆಲಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆವು. ಮೊದಲ ವಾರ ಇಪ್ಪತ್ತು ಕೆಜಿಗೇ ಕಣ್ಣಲ್ಲಿ ನೀರು ಬಂತು. ಮೂರನೆಯ ವಾರ ಮೂವತ್ತೈದು. ಐದನೆಯ ವಾರ ಐವತ್ತನ್ನು ಎತ್ತಿ ಒಂಬತ್ತು ಹೆಜ್ಜೆ ಇಟ್ಟವನಿಗೆ ಬೆನ್ನು ಹಿಡಿದುಕೊಂಡಿತು. ಚೀಲ ಬಿಟ್ಟು ಅಲ್ಲೇ ಚಾಪೆಯ ಮೇಲೆ ಒಂದು ಗಂಟೆ ಮಲಗಿದೆ. ಸುತ್ತ ಹರೆಯದವರು ಹಾಡು ಹಾಕಿಕೊಂಡು ಬಾರ್ ಎತ್ತುತ್ತಿದ್ದರು. ಅವರ ಬೆನ್ನುಗಳು ಎಷ್ಟು ಚೆನ್ನಾಗಿ ಬಗ್ಗುತ್ತಿದ್ದವೆಂದರೆ, ನೋಡಿ ನನಗೆ ಅಳು ಬಂತು.

ಸುನೀಲ ಬಿಸಿನೀರಿನ ಬ್ಯಾಗ್ ತಂದು ಸೊಂಟದ ಕೆಳಗಿಟ್ಟು, ಈ ಹಟ ಯಾಕೆ ಎಂದು ಕೇಳಿದ.

"ಇನ್ನೊಂದೇ ಸಲ ಕಣ್ಲಾ. ನನ್ ಕೈಲಿ ತೂಕ ಇರ್ಬೇಕು, ಜನ ನೋಡ್ತಿರ್ಬೇಕು."

ಹೇಳಿದ ಮೇಲೆ ನಾಚಿಕೆಯಾಯಿತು. ಆ ಮಾತಿನಲ್ಲಿ ಧನ್ಯಾಳ ಹೆಸರೇ ಇರಲಿಲ್ಲ.

ಈ ನಡುವೆ ಅಕ್ಕನ ಫೋನು ಬರುತ್ತಲೇ ಇತ್ತು. ಮದುವೆ ಹುಡುಗಿ ಅನ್ನ ಮುಟ್ಟುತ್ತಿಲ್ಲವಂತೆ. ಬೆಳಗಾದರೆ ಹೈವೇ ಪಕ್ಕದ ರಸ್ತೆಯಲ್ಲಿ ಓಡುತ್ತಾಳಂತೆ. ಹೊಲಿಸಿದ ರವಿಕೆಯನ್ನು ಎರಡು ಸಲ ಬಿಗಿ ಮಾಡಿಸಿದ್ದಾಯಿತಂತೆ. ನೀನಾದರೂ ಬುದ್ಧಿ ಹೇಳು ಎಂದಳು. ಫೋಟೋದಲ್ಲಿ ಸಣ್ಣಗೆ ಕಾಣಬೇಕೆಂದು ಈಗಿನ ಹೆಣ್ಣುಮಕ್ಕಳೆಲ್ಲ ಹಾಗೇ ಮಾಡುತ್ತಾರೆ ಎಂದು ನಕ್ಕುಬಿಟ್ಟೆ. ಬುದ್ಧಿ ಹೇಳಲು ಪುರುಸೊತ್ತಾದರೂ ಎಲ್ಲಿತ್ತು, ತಲೆ ತುಂಬ ಮರಳಿನ ಚೀಲವೇ ಇತ್ತು.

ಮದುವೆಗೆ ಮುಂಚಿನ ಭಾನುವಾರ ಅರವತ್ತೊಂದು ಕೆಜಿ ಎತ್ತಿಕೊಂಡು ಹದಿನೆಂಟು ಹೆಜ್ಜೆ ನಡೆದೆ. ಕೊನೆಯ ನಾಲ್ಕು ಹೆಜ್ಜೆ ಹೇಗೆ ಇಟ್ಟೆನೋ ದೇವರಿಗೇ ಗೊತ್ತು. ಸುನೀಲ ಕೈಕುಲುಕಿದ. ಇಬ್ಬರೂ ಕೆಳಗಿಳಿದು ಸೆಟ್ ದೋಸೆ ತಿಂದೆವು. ವರ್ಷಗಳ ಮೇಲೆ ನನಗೆ ಅಷ್ಟು ಹಸಿವಾಗಿತ್ತು.

ಮುಹೂರ್ತ ಬೆಳಗ್ಗೆ ಹತ್ತೂವರೆಗೆ. ಡಾಕ್ಟರು ಒಂದೇ ಎಂದು ಬರೆದಿದ್ದ ನೋವಿನ ಮಾತ್ರೆಯನ್ನು ಎರಡು ನುಂಗಿ, ಬೆಲ್ಟ್ ಬಿಗಿದು, ಮೇಲೆ ರೇಷ್ಮೆ ಅಂಗಿ ಹಾಕಿಕೊಂಡು ಹೆಣ್ಣಿನ ಕೋಣೆಗೆ ಹೋದೆ. ಟೇಬಲ್ ಹಾಕಿಸಿದ್ದೆ. ಅದರ ಮೇಲೆ ಧನ್ಯಾ ಕೂತಿದ್ದಳು. ಹಣೆಗೆ ಬಾಸಿಂಗ, ಕೊರಳ ತುಂಬ ಹಾರ, ಮೈ ತುಂಬ ಧಾರೆ ಸೀರೆ. ಕೆನ್ನೆ ಒಳಕ್ಕೆ ಹೋದಂತೆ ಕಂಡಿತು. ಮದುವೆ ಹೆಣ್ಣಿನ ಮುಖ ಯಾವಾಗಲೂ ಬೇರೆಯೇ ಕಾಣುತ್ತದೆ ಅಂದುಕೊಂಡೆ.

ಹೊರಗಿನಿಂದ ಪುರೋಹಿತರು ಕೂಗಿದರು, ವಾಲಗ ಜೋರಾಯಿತು. ಒಂದು ಕೈ ಅವಳ ಮಂಡಿಯ ಕೆಳಗೆ, ಒಂದು ಕೈ ಬೆನ್ನ ಹಿಂದೆ. ಅವಳು ನನ್ನ ಕತ್ತು ಬಳಸಿದಳು. ಉಸಿರು ತುಂಬಿಕೊಂಡು, ಮೈಯನ್ನೆಲ್ಲ ಅರವತ್ತೊಂದು ಕೆಜಿಗೆ ಸಿದ್ಧ ಮಾಡಿಕೊಂಡು ಎಳೆದೆ.

ಅವಳು ತಟ್ಟನೆ ಮೇಲೆ ಬಂದುಬಿಟ್ಟಳು. ನಾನು ಹಿಂದಕ್ಕೆ ಒಂದು ಹೆಜ್ಜೆ ಜೋಲಿ ಹೊಡೆದೆ, ಭುಜ ಬಾಗಿಲ ಚೌಕಟ್ಟಿಗೆ ಬಡಿಯಿತು. ಬಾರ್‌ಗೆ ಒಂದು ಪ್ಲೇಟ್ ಕಮ್ಮಿ ಹಾಕಿ ಸುಮ್ಮನಿದ್ದರೆ ಎತ್ತುವವನು ಹೀಗೇ ಹಿಂದಕ್ಕೆ ಬೀಳುತ್ತಾನೆ. ನನ್ನ ಕೈಗಳಿಗೆ ಆ ಗಳಿಗೆಯಲ್ಲೇ ಗೊತ್ತಾಯಿತು. ಸೀರೆ, ಒಡವೆ ಎಲ್ಲ ಸೇರಿ ಐವತ್ನಾಲ್ಕು.

ಬಾಗಿಲಲ್ಲೇ ನಿಂತುಬಿಟ್ಟೆ. ಧನ್ಯಾ ನನ್ನ ಕಿವಿಗೆ ಬಾಯಿಟ್ಟು ಹೇಳಿದಳು.

"ಐವತ್ತೊಂದು, ಮಾವ. ಕೆಟಗರಿ ಇಳ್ಸಿದೀನಿ. ನಡಿ."

ನಡೆದೆ. ಹನ್ನೆರಡನೆಯ ಹೆಜ್ಜೆಗೆ ಬೆನ್ನಲ್ಲಿ ಬೆಂಕಿ ಹತ್ತಿತು. ಹದಿನೈದಕ್ಕೆ ಬಲಗೈ ಮರಗಟ್ಟಿತು. ಹದಿನೆಂಟಕ್ಕೆ ಅವಳನ್ನು ಹಸೆಮಣೆಯ ಮೇಲೆ ಇಳಿಸಿದೆ. ಜನ ಚಪ್ಪಾಳೆ ತಟ್ಟಿದರು. ಕಟ್ಟಾಯದಿಂದ ಬಂದಿದ್ದ ನಮ್ಮಪ್ಪ ಬೀರಲಿಂಗಯ್ಯ, ನನ್ನ ಮಗ ಈಗಲೂ ಹಾಗೇ ಇದ್ದಾನೆ ಎಂದು ಪಕ್ಕದವರಿಗೆ ಹೇಳುತ್ತಿದ್ದುದು ಕೇಳಿಸಿತು. ನಾನು ಕಂಬ ಹಿಡಿದು ನಿಂತು, ಅಂತರಪಟದ ಈಚೆ ತಲೆ ತಗ್ಗಿಸಿ ಕೂತ ಅವಳನ್ನೇ ನೋಡುತ್ತಿದ್ದೆ. ಎರಡು ತಿಂಗಳು ಉಪವಾಸ ಬಿದ್ದು ನನ್ನ ಮರ್ಯಾದೆ ಉಳಿಸಿದ್ದಾಳೆ. ಎದೆ ತುಂಬಿ ಬಂತು. ಆ ಎದೆಯಲ್ಲೇ ಒಂದು ಮುಳ್ಳೂ ಇತ್ತು. ಅರವತ್ತೊಂದಿದ್ದರೆ ಹಸೆಮಣೆ ತಲುಪುತ್ತಿದ್ದೆನೋ ಇಲ್ಲವೋ, ಅದು ಇನ್ನು ಯಾವತ್ತೂ ತಿಳಿಯುವುದಿಲ್ಲ. ಆ ಏಳು ಕೆಜಿ ನನಗೆ ಬೇಕಿತ್ತು.

ಮದುವೆಯ ಮಾರನೆಯ ದಿನದಿಂದ ಮೂರು ವಾರ ಹಾಸಿಗೆಯ ಮೇಲಿದ್ದೆ. ನನಗೆ ಜ್ವರ ಎಂದು ಅಕ್ಕನಿಗೆ ಹೇಳಿಸಿದೆ.

ಗೌರಿ ಹಬ್ಬಕ್ಕೆ ತವರಿಗೆ ಬಂದ ಧನ್ಯಾ ನಮ್ಮ ಮನೆಗೂ ಬಂದಳು. ಕೆನ್ನೆ ತುಂಬಿಕೊಂಡಿತ್ತು. ಕೋಮಲಾ ಒಬ್ಬಟ್ಟು ಬಡಿಸಿದರೆ ಬೇಡ ಎನ್ನದೆ ಮೂರು ತಿಂದಳು. ಆಮೇಲೆ ಯಾರೂ ಹೇಳದಿದ್ದರೂ ನೇಲ್ ಕಟರ್ ತಂದು ನೆಲದ ಮೇಲೆ ಕೂತಳು. ಈ ಸಲ ನಾನೇ ಕಾಲು ಚಾಚಿದೆ.

ಈಗ ಎಷ್ಟಿದ್ದೀಯ ಎಂದು ಕೇಳಿದೆ.

"ಮೊದ್ಲಿನಷ್ಟೇ ಮಾವ. ಐವತ್ತೆಂಟು."

ನೆಲದಿಂದ ಏಳುವಾಗ ಆಸರೆಗೆ ಅವಳು ಕೈ ಚಾಚಿದಳು. ಅದನ್ನು ನನ್ನ ಅಂಗೈಯಲ್ಲಿ ಹಿಡಿದು ತೂಗಿ ನೋಡಿದೆ. ಒಂದು ಕೈ ಹಿಡಿದರೆ ಇಡೀ ಮನುಷ್ಯರ ತೂಕ ಗೊತ್ತಾಗುವುದಿಲ್ಲ. ಐವತ್ತೆಂಟು ಎಂದು ಅವಳು ಹೇಳಿದ್ದನ್ನೇ ನಂಬಿದೆ.