ನೆಲ ಒರೆಸುವ ಹಾಡು

"ಇನ್ನೂ ಸ್ವಲ್ಪ ಎತ್ತಿ ಹಿಡಿ ಚಿಕ್ಕಪ್ಪ, ಅಮ್ಮನಿಗೆ ಮುಖ ಕಾಣ್ತಿಲ್ವಂತೆ," ಎನ್ನುತ್ತ ಮಗಳು ಅವನ ಕೈಯಲ್ಲಿದ್ದ ಮೊಬೈಲನ್ನು ಅಪ್ಪನ ಶವದ ಕಡೆ ತಿರುಗಿಸಿದಳು. ಪರದೆಯಲ್ಲಿ ಅಮ್ಮ, ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದವಳು. ಆಕೆ ಕೇಳಿದ್ದು ಒಂದೇ: ಬೆಂಕಿಗೆ ಕೊಡುವ ಮೊದಲು ಅವರ ದನಿಯಲ್ಲಿ ಆ ಹಾಡು ಕೇಳಿಸಬೇಕು.

ಹಿಂದೆಂದೋ ಅಪ್ಪ ವೇದಿಕೆಯಲ್ಲಿ ಹಾಡಿದ್ದನ್ನು ಯಾರೋ ಪುಣ್ಯಾತ್ಮರು ಇಂಟರ್‌ನೆಟ್ಟಿಗೆ ಹಾಕಿದ್ದರು. ಅವನ ದನಿ ಉಳಿದಿದ್ದು ಅಲ್ಲಿ ಮಾತ್ರ. ಮಗಳು ತನ್ನ ಫೋನಿನಲ್ಲಿ ಅದನ್ನು ಒತ್ತಿದಳು. ಹಾಡಿನ ಹಕ್ಕುದಾರರ ಕೋರಿಕೆಯಂತೆ ತೆಗೆದುಹಾಕಲಾಗಿದೆ ಎಂದು ಬಂತು.

"ಇದೊಳ್ಳೆ ಕತೆ!" ಎಂದ ಚಿಕ್ಕಪ್ಪ. "ಬರೆದೋನು ಇಲ್ಲೇ ಮಲಗಿದಾನೆ. ಇನ್ಯಾವನಮ್ಮ ಹಕ್ಕುದಾರ?"

*

ಅವನಿಗೆ ಮದುವೆಯಾದ ಹೊಸತು. ರೆಕಾರ್ಡಿಂಗ್ ಸ್ಟುಡಿಯೋ ಕೆಲಸ ಮುಗಿಯುವಷ್ಟರಲ್ಲಿ ಊರೆಲ್ಲ ಮಲಗಿರುತ್ತಿತ್ತು, ಹೆಂಡತಿ ಮಾತ್ರ ಎದ್ದಿರುತ್ತಿದ್ದಳು. ಅವಳಿಗಾಗಿ ಬರೆದ:

ದೀಪ ಆರಿಸಬೇಡ, ದಾರಿಯಲ್ಲಿದ್ದೇನೆ,
ನಿನ್ನ ಮುಖ ಕಂಡೇ ನಾ ಮಲಗುತ್ತೇನೆ.

ಕಂಪನಿಯೊಂದು ಕೊಂಡಿತು. ಕ್ಯಾಸೆಟ್ ಬರುತ್ತದೆಂಬ ಖುಷಿಯಲ್ಲಿ ಓದದೆಯೇ ಸಹಿ ಹಾಕಿದ, ಪೆದ್ದ! ಬಂದದ್ದು ನೆಲ ಒರೆಸುವ ದ್ರಾವಣದ ಜಾಹೀರಾತು.

"ಬದಲಿಸಿದ ಪದ ತೆಗೆದ್ಬಿಡಿ ಸಾರ್. ಅದು ನನ್ನ ಹೆಂಡ್ತಿಗೆ ಬರೆದಿದ್ದು," ಎಂದು ಕಂಪನಿಯ ಕಚೇರಿಯಲ್ಲಿ ಅಂಗಲಾಚಿದ.

"ಎಲ್ಲ ಹಕ್ಕೂ ಕೊಟ್ಟಿದೀರಲ್ಲ ಸ್ವಾಮಿ. ಹಾಡು ಈಗ ನಮ್ದು," ಎಂದ ಮ್ಯಾನೇಜರ್.

ಅಂದಿನಿಂದ ಮನೆಯಲ್ಲೂ ಅವನು ಅದನ್ನು ಹಾಡಲಿಲ್ಲ.

"ನಾಲ್ಕು ಗೋಡೆ ಒಳಗೆ ಹಾಡಿದ್ರೆ ಯಾರ್ರೀ ಕೇಳ್ತಾರೆ?" ಎಂದು ಹೆಂಡತಿ ಗೋಗರೆದಳು.

"ಪರರ ಸ್ವತ್ತು ಕಣೇ. ಬಾಯಿಗೆ ಬರಬಾರದು."

ಯಾವ ಕಾನೂನೂ ಅವನನ್ನು ತಡೆದಿರಲಿಲ್ಲ. ಹಾಳು ಹಟ, ಅಷ್ಟೆ. ಆಮೇಲೆ ಮಗಳು ಹುಟ್ಟಿದಳು, ಬೆಳೆದಳು. ಟೀವಿಯಲ್ಲಿ ಮಾತ್ರ ಹಾಡು ಹಗಲೂ ರಾತ್ರಿ ಮೊಳಗುತ್ತಿತ್ತು.

*

"ಹೋಗ್ಲಿ ಬಿಡೇ," ಎಂದಳು ಅಮ್ಮ ಫೋನಿನಿಂದ. "ನೀವೇ ಎಲ್ಲರೂ ಸೇರಿ ಹಾಡಿ. ಅವರನ್ನ ಹಾಗೇ ಕಳಿಸಬೇಡಿ."

ಯಾರೋ ಹಿಂದಿನಿಂದ ಶುರು ಮಾಡಿದರು, ಮಿಕ್ಕವರು ದನಿಗೂಡಿಸಿದರು.

ದೀಪ ಆರಿಸಬೇಡ, ನೆಲವ ನೋಡಲ್ಲಿ,
ಒಂದು ಕಲೆಯೂ ಇಲ್ಲ ನಿನ್ನ ಮನೆಯಲ್ಲಿ.

ಅದು ಜಾಹೀರಾತಿನ ಪದವೆಂದು ಹಾಡಿದ ಮೇಲೇ ಅವರಿಗೆ ಅರಿವಾದದ್ದು. ಎಲ್ಲರೂ ತಲೆ ತಗ್ಗಿಸಿದರು.

"ಅಮ್ಮಾ, ನಂಗೂ ಇದೇ ಗೊತ್ತಿರೋದು," ಎಂದು ಮಗಳು ಅತ್ತುಬಿಟ್ಟಳು. "ನೀನೇ ಹಾಡಮ್ಮ. ನಿಂಗೊಬ್ಬಳಿಗೇ ಗೊತ್ತು."

ಚಿಕ್ಕಪ್ಪ ಮೊಬೈಲನ್ನು ಅಣ್ಣನ ಕಿವಿಯ ಬಳಿ ಹಿಡಿದ. ಅಮ್ಮ ಗಂಟಲು ಸರಿಮಾಡಿಕೊಂಡಳು.

"ದೀಪ ಆರಿಸಬೇಡ, ದಾರಿಯಲ್ಲಿದ್ದೇನೆ... ಒಂದು ಕಲೆಯೂ ಇಲ್ಲ ನಿನ್ನ... ಅಯ್ಯೋ, ಅಲ್ಲ ಕಣೇ, ಅದಲ್ಲ. ತಡಿ."

ಮೊದಲಿಂದ ಎತ್ತಿಕೊಂಡಳು. ಎರಡನೆಯ ಸಾಲಿಗೆ ಮತ್ತೆ ಅದೇ ಬಂತು. ಪರದೆಯಲ್ಲಿ ಅಮ್ಮ ಎರಡೂ ಕೈಗಳಿಂದ ತನ್ನ ಬಾಯಿ ಮುಚ್ಚಿಕೊಂಡಳು.